ಕೆರೆ ತುಂಬಿತು, ಫಲ ಯಾರಿಗೆ ತಲುಪಿತು?

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿಸಿದ ಕೆರೆಗಳೇ ಇಲ್ಲಿಯ ಬಾಳಿಗೆ ಆಧಾರ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಸೀಮೆಯ ರಾಗಿಯ ಹೊಲ, ಮಾವಿನ ತೋಪುಗಳನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ: ಊರವರೆಲ್ಲ ಕೂಡಿ ಕೆರೆಯ ಹೂಳೆತ್ತಿದರೆ ಆ ಸತ್ಕಾರ್ಯದ ಫಲವನ್ನು ಅಳೆಯುವುದು ಹೇಗೆ?

ಸಮಾರಂಭಗಳಲ್ಲಿ ನಾವು ಕೇಳುವ ಲೆಕ್ಕ ಎರಡೇ. ಇಷ್ಟು ರೂಪಾಯಿ ವೆಚ್ಚವಾಯಿತು. ಇಷ್ಟು ಟ್ರ್ಯಾಕ್ಟರ್ ಮಣ್ಣು ಹೊರಹೋಯಿತು. ಇದು ಶ್ರಮದ ಲೆಕ್ಕವೇ ಹೊರತು ಫಲದ ಲೆಕ್ಕವಲ್ಲ.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೊದಲಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯು ಈ ಜಿಲ್ಲೆಯಲ್ಲಿಯೂ ನಡೆಯಿತು. ಅದರ ಹೊಣೆ ಹೊತ್ತ ಜಲ ಸಂವರ್ಧನೆ ಯೋಜನಾ ಸಂಘವು ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತು. ಅಚ್ಚುಕಟ್ಟಿನ ರೈತರೊಡನೆ ಭೂಮಿಯಿಲ್ಲದವರಿಗೂ ಮಹಿಳೆಯರಿಗೂ ಅಲ್ಲಿ ಸ್ಥಾನವಿರಬೇಕೆಂಬುದು ಅದರ ಆಶಯವಾಗಿತ್ತು. ಕೆರೆಯು ದನಕರು ಸಾಕುವವರದೂ ಹೌದು, ಮೀನು ಹಿಡಿಯುವವರದೂ ಹೌದು. ಆದಕಾರಣ ಫಲವನ್ನು ಅವರ ಮನೆಗಳಲ್ಲಿಯೂ ವಿಚಾರಿಸಬೇಕು.

ಅಳತೆಯು ಕೆಲಸಕ್ಕೆ ಮುನ್ನವೇ ಆರಂಭವಾಗಬೇಕು. ಬಾವಿಯ ನೀರು ಎಷ್ಟು ಅಡಿ ಕೆಳಗಿದೆ? ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟುತ್ತಿದೆಯೇ? ತಾಯಂದಿರು ನೀರು ತರಲು ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ? ಎಷ್ಟು ಮಂದಿ ಕೂಲಿಗೆಂದು ಬೆಂಗಳೂರಿಗೆ ಹೋಗುತ್ತಾರೆ? ಇವನ್ನು ಅಂದೇ ಬರೆದಿಡದಿದ್ದರೆ ನಾಳೆ ಹೋಲಿಸಲು ಏನೂ ಉಳಿಯದು.

ಇನ್ನೊಂದು ಎಚ್ಚರವೂ ಅಗತ್ಯ. 2021ರಲ್ಲಿ ಜಿಲ್ಲೆಯಲ್ಲಿ ವಾಡಿಕೆಗಿಂತ ಹೆಚ್ಚು ಮಳೆ ಸುರಿದು ಅನೇಕ ಕೆರೆಗಳು ಕೋಡಿ ಹರಿದವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಹೀಗಿರುವಾಗ ಬಾವಿಯ ನೀರು ಮೇಲೇರಿದ್ದೆಲ್ಲವೂ ಹೂಳೆತ್ತಿದ್ದರ ಫಲವೆಂದರೆ ಸತ್ಯಕ್ಕೆ ದೂರವಾದೀತು. ಹೂಳೆತ್ತದ ನೆರೆಯೂರಿನ ಬಾವಿಯನ್ನೂ ನೋಡಿ ಹೋಲಿಸಬೇಕು. ಮಳೆಯ ಪುಣ್ಯವನ್ನು ನಮ್ಮ ಖಾತೆಗೆ ಬರೆದುಕೊಳ್ಳಬಾರದು.

ಮುಖ್ಯವಾದುದು ಹಂಚಿಕೆ. ಗೋಡು ಮಣ್ಣು ಟ್ರ್ಯಾಕ್ಟರ್ ಉಳ್ಳವರ ಹೊಲಕ್ಕಷ್ಟೇ ಹೋಯಿತೇ? ಏರಿದ ಅಂತರ್ಜಲ ಕೊಳವೆಬಾವಿ ಉಳ್ಳವರಿಗಷ್ಟೇ ದಕ್ಕಿತೇ? ಹಾಗಾದರೆ ಒಟ್ಟು ಆದಾಯ ಹೆಚ್ಚಿದರೂ ಬಡವನ ಮನೆಯ ಒಲೆ ಮೊದಲಿನಂತೆಯೇ ಇರುತ್ತದೆ.

ದಾಸೋಹದಲ್ಲಿ ಕೊನೆಯ ಪಂಕ್ತಿ ಉಂಡೆದ್ದ ಮೇಲಲ್ಲವೇ ನಾವು ಪ್ರಸಾದ ಸಾಲಿತೆನ್ನುವುದು? ಕೆರೆಯ ಕಾರ್ಯಕ್ಕೂ ಅದೇ ಅಳತೆ. ಕೊನೆಯ ಗದ್ದೆಗೆ, ಕೊನೆಯ ಮನೆಗೆ ನೀರು ತಲುಪಿದ ದಿನವೇ ಕೆರೆ ತುಂಬಿತೆಂದು ತಿಳಿಯೋಣ.