ಕಿತ್ತಷ್ಟೂ ಹಬ್ಬುವ ಅಂತರಗಂಗೆ

ಪ್ರಶ್ನೆ: ಊರವರೆಲ್ಲ ಸೇರಿ ಕೆರೆಯ ಅಂತರಗಂಗೆ ಕಿತ್ತೆವು. ಮತ್ತೆ ತುಂಬಿಕೊಂಡಿದೆ, ಏಕೆ?

ಉತ್ತರ: ಒಂದು ತುಂಡು ಉಳಿದರೂ ಸಾಕು, ಮರಿಗಿಡಗಳು ಹುಟ್ಟುತ್ತವೆ. ಕೆಸರಲ್ಲಿ ಬಿದ್ದ ಬೀಜವಂತೂ 15 ವರ್ಷ ಕಾಯಬಲ್ಲದು. ನಿಮ್ಮ ಶ್ರಮ ವ್ಯರ್ಥವಲ್ಲ, ಅದಕ್ಕೊಂದು ಜೊತೆ ಬೇಕು: ಈ ಗಿಡವನ್ನೇ ತಿನ್ನುವ ಹುಳು. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದಲ್ಲಿ ದಡದ ಮೀನುಗಾರರೂ ಕೈಜೋಡಿಸಿ, ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ತೊಟ್ಟಿಗಳಲ್ಲಿ ಸಾಕಿ ನೀರಿಗೆ ಬಿಟ್ಟರು. ದೊಡ್ಡವು ಎಲೆ ಕೆರೆಯುತ್ತವೆ. ಮರಿಗಳು ತೊಟ್ಟು ಕೊರೆಯುತ್ತವೆ, ನೀರು ನುಗ್ಗಿ ಗಿಡ ಮುಳುಗುತ್ತದೆ. ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲೂ 1980ರ ದಶಕದಲ್ಲಿ ಇದೇ ಹುಳು ಕಳೆಯನ್ನು ಹತೋಟಿಗೆ ತಂದಿತ್ತು. ಆದರೆ ಕೊಳಚೆ ನೀರು ಹರಿದು ಬರುತ್ತಿದ್ದರೆ ಹುಳುವಿಗಿಂತ ಗಿಡದ ಓಟವೇ ಜೋರು. ಮೊದಲು ಆ ಕೊಳಚೆ ತರುವ ಕಾಲುವೆಯತ್ತ ನೋಡಿ. ಕಿತ್ತ ರಾಶಿಯನ್ನು ದಡದಲ್ಲೇ ಬಿಡಬೇಡಿ. ಮಳೆ ಬಂದರೆ ಮತ್ತೆ ನೀರು ಸೇರುತ್ತದೆ.