ಪುಟ ಸಿಕ್ಕಿತು, ಅಕ್ಷರ ಎಲ್ಲಿ?

ಈ ಶತಮಾನದ ಆರಂಭದಲ್ಲಿ ತುಮಕೂರಿನ ಸೈಬರ್ ಸೆಂಟರುಗಳಲ್ಲಿ ಗಂಟೆ ಲೆಕ್ಕದಲ್ಲಿ ಕಾಸು ಕೊಟ್ಟು ಕೂತವರು ಈಗ ನಲವತ್ತು ದಾಟಿದ್ದಾರೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸು ಹತ್ತಿ ಬರುತ್ತಿದ್ದ ಕಾಲೇಜು ಹುಡುಗರಿಗೂ ಅದೇ ಅಡ್ಡೆ. ಆಗ ಯಾಹೂವಿನ ಜಿಯೋಸಿಟೀಸ್‌ನಲ್ಲಿ ಪುಕ್ಕಟೆ ಜಾಗ ಸಿಗುತ್ತಿತ್ತು. ಮಿನುಗುವ ನಕ್ಷತ್ರ, ಓಡುವ ಅಕ್ಷರ, ಹಿನ್ನೆಲೆಗೊಂದು ರಾಗ ಜೋಡಿಸಿ ಯಾರು ಬೇಕಾದರೂ ತಮ್ಮದೊಂದು ಪುಟ ಕಟ್ಟಬಹುದಿತ್ತು. ಅಂತರ್ಜಾಲದ ಜನಪದ ಕಲೆ ಎಂದರೆ ಅದೇ. 2009ರ ಅಕ್ಟೋಬರ್ 26ರಂದು ಯಾಹೂ ಅದಕ್ಕೆ ಬೀಗ ಹಾಕಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಅಷ್ಟರೊಳಗೆ ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಟ್ಟುಕೊಂಡಿತು.

ಕಳೆದ ಪುಟ ಹುಡುಕುವವರು ಮೊದಲು ತಟ್ಟಬೇಕಾದ ಬಾಗಿಲು ವೇಬ್ಯಾಕ್ ಮಷೀನ್. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಇಂಟರ್ನೆಟ್ ಆರ್ಕೈವ್, 2001ರಲ್ಲಿ ಇದನ್ನು ಎಲ್ಲರಿಗೂ ತೆರೆಯಿತು. ಹಳೆಯ ವಿಳಾಸ ಹಾಕಿದರೆ ಕ್ಯಾಲೆಂಡರ್ ಬರುತ್ತದೆ. ಪುಟವನ್ನು ಉಳಿಸಿಕೊಂಡ ದಿನಗಳಿಗೆ ಗುರುತಿರುತ್ತದೆ. ಅದನ್ನು ಒತ್ತಿದರೆ ಅಂದಿನ ಪುಟ ಹಾಜರು. ವಿಳಾಸ ಮರೆತಿದ್ದರೆ ಹಳೆಯ ಇ-ಮೇಲ್, ವಿಸಿಟಿಂಗ್ ಕಾರ್ಡುಗಳನ್ನು ತಡಕಬೇಕು.

ಕನ್ನಡಿಗರ ಕಷ್ಟ ಶುರುವಾಗುವುದು ಪುಟ ಸಿಕ್ಕ ಮೇಲೆ. ಯು.ಬಿ. ಪವನಜರ 'ವಿಶ್ವಕನ್ನಡ' ಜಾಲಪತ್ರಿಕೆ ಹುಟ್ಟಿದ 1996ರಲ್ಲಿ ಯುನಿಕೋಡ್ ಕನ್ನಡ ಮನೆ ಕಂಪ್ಯೂಟರುಗಳಿಗೆ ಬಂದಿರಲಿಲ್ಲ. ಮುಂದೆ ಬರಹ, ನುಡಿ, ಶ್ರೀಲಿಪಿ ಎಂದು ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ನುಡಿಯಲ್ಲಿ 'ಕ' ಕೂತಿದ್ದು ಇಂಗ್ಲಿಷಿನ 'ಪಿ' ಜಾಗದಲ್ಲಿ, 'ನ' ಕೂತಿದ್ದು ಪೌಂಡ್ ಚಿಹ್ನೆಯ ಜಾಗದಲ್ಲಿ. ಫಾಂಟ್ ಇಲ್ಲದಿದ್ದರೆ 'ಕನ್ನಡ' ಎಂಬ ಪದವೇ ಕಲಸುಮೇಲೋಗರ. ಯಾವ ಫಾಂಟೆಂದು ಗೊತ್ತಾದರೆ ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತರಬಹುದು. ಅಂದಾಜು ತಪ್ಪಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು.

ನ್ಯೂಯಾರ್ಕಿನ ರೈಜೋಮ್ ಸಂಸ್ಥೆ 1999ರಿಂದ ಜಾಲಕಲೆಯನ್ನು ಸಂಗ್ರಹಿಸುತ್ತಿದೆ. ಕೃತಿಯ ಕಡತವನ್ನಷ್ಟೇ ಇಟ್ಟುಕೊಳ್ಳದೆ, ಅದು ಓಡುತ್ತಿದ್ದ ಕಾಲದ ಬ್ರೌಸರನ್ನೂ ಮರುಸೃಷ್ಟಿಸಿ ತೋರಿಸುತ್ತದೆ. ಹಸ್ತಪ್ರತಿಯೊಂದಿದ್ದರೆ ನಾಟಕವಾಗದು, ರಂಗಸಜ್ಜಿಕೆಯೂ ಬೇಕು ಎಂಬುದನ್ನು ಗುಬ್ಬಿ ಕಂಪನಿಯನ್ನು ಕಂಡ ಜಿಲ್ಲೆಗೆ ಬಿಡಿಸಿ ಹೇಳಬೇಕೆ? ಕನ್ನಡದ ಹಳೆಯ ಪುಟಗಳಿಗೆ ಆ ಸಜ್ಜಿಕೆಯೇ ಫಾಂಟು.

ಹಾಗಾಗಿ ಅಟ್ಟದ ಮೇಲಿನ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಅದರ ಫಾಂಟ್ ಫೋಲ್ಡರನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಇಂದಿಗೂ ತೆರೆದುಕೊಳ್ಳುವ ಹಳೆಯ ಕನ್ನಡ ತಾಣ ಕಣ್ಣಿಗೆ ಬಿದ್ದರೆ ಅದರ ವಿಳಾಸವನ್ನು ವೇಬ್ಯಾಕ್ ಮಷೀನಿನ 'ಸೇವ್ ಪೇಜ್ ನೌ' ಖಾನೆಗೆ ಹಾಕಿ. ಜೊತೆಗೆ ಫಾಂಟಿನ ಹೆಸರನ್ನೂ ಬರೆದಿಟ್ಟುಕೊಳ್ಳಿ.