ಬಿಚ್ಚುವ ಮೊದಲು ಕೇಳುವವರು

ಮಲೆನಾಡಿನ ಕಾಫಿ ತೋಟಗಳಲ್ಲಿ ಕಾರ್ಬ್ಯುರೇಟರ್ ಕಾಲದ ಮಾರುತಿ ಜಿಪ್ಸಿಗಳು ಇನ್ನೂ ದುಡಿಯುತ್ತಿವೆ. 1985ರಲ್ಲಿ ಬಂದ ಈ ಗಾಡಿಗೆ ಮೊದಲು ಇದ್ದದ್ದು 970 ಸಿಸಿ ಎಂಜಿನ್, 1.3 ಲೀಟರಿನದು ಆಮೇಲೆ ಬಂತು. ಎರಡರಲ್ಲೂ ನಾಲ್ಕೇ ಸಿಲಿಂಡರ್. ಒಂದು ಕೈಕೊಟ್ಟರೂ ಗಾಡಿ ಗಡಗಡ ನಡುಗುತ್ತದೆ, ಸೈಲೆನ್ಸರ್ ಪಟಪಟ ಎನ್ನುತ್ತದೆ, ತೋಟದ ಏರು ಹತ್ತುವುದಿಲ್ಲ. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ.

ಕೆಲಸ ಬಲ್ಲ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಕೇಳುತ್ತಾನೆ: “ಯಾವಾಗ ಆಗುತ್ತೆ ಸಾರ್, ನಿಂತಾಗ್ಲಾ, ಏರಲ್ಲಾ?” ನಿಂತಾಗ ಮಾತ್ರ ತಡವರಿಸಿ ಓಡುವಾಗ ಸರಿಹೋದರೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲೋ ವ್ಯಾಕ್ಯೂಮ್ ಪೈಪಿನಲ್ಲೋ ಗಾಳಿ ಎಳೆಯುತ್ತಿರಬಹುದು. ಏರಿನಲ್ಲಾದರೆ ಅನುಮಾನ ಕಿಡಿಯ ಮೇಲೆ. ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ, ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸೋತ ಕಾಯಿಲ್, ಸವೆದ ಪ್ಲಗ್ ಅಲ್ಲಿ ನಿಲ್ಲುವುದಿಲ್ಲ. ಮಳೆಗಾಲದ ಬೆಳಿಗ್ಗೆ ಮಾತ್ರ ಕಾಡಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ ನೋಡಬೇಕು. ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಕರೆಂಟು ಸೋರುತ್ತಿರುವುದು ಅಲ್ಲೇ. ಹಳೆಯ ಪ್ಲಗ್ ವೈರುಗಳ ಸೋರಿಕೆಯನ್ನಂತೂ ಕತ್ತಲಲ್ಲಿ ಎಂಜಿನ್ ಓಡಿಸಿದರೆ ಕಣ್ಣಾರೆ ಕಾಣಬಹುದು, ನೀಲಿ ಕಿಡಿಗಳು ವೈರಿನ ಮೈಯಿಂದಲೇ ಹಾರುತ್ತವೆ.

ಇನ್ನು, ಯಾವ ಸಿಲಿಂಡರ್? ಐಡ್ಲಿಂಗ್‌ನಲ್ಲಿಟ್ಟು, ಶಾಕ್ ಹೊಡೆಯದ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆಯುತ್ತಾರೆ. ಎಂಜಿನ್ ಕುಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಸದ್ದು ಬದಲಾಗದಿದ್ದರೆ ಸತ್ತಿರುವುದು ಅದೇ. ಬಿಚ್ಚಿದ ಪ್ಲಗ್ ಪೆಟ್ರೋಲಿನಲ್ಲಿ ನೆನೆದಿದ್ದರೆ ಕಿಡಿ ಬಂದಿಲ್ಲ. ಅದನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ಮಿಸ್ಸಿಂಗೂ ಅಲ್ಲಿಗೇ ಹೋದರೆ ಹೊಸ ಪ್ಲಗ್ಗಿಗೆ ಕೆಲಸ ಮುಗಿಯಿತು. ಇಷ್ಟನ್ನೂ ಮಾಡದೆ ಅಂದಾಜಿನ ಮೇಲೆ ಕಾಯಿಲ್, ಕಾರ್ಬ್ಯುರೇಟರ್ ಬದಲಿಸುವವರ ಕೈಗೆ ಗಾಡಿ ಕೊಡಬಾರದು.

ಕಿಡಿ ಸರಿಯಿದ್ದೂ ಸಿಲಿಂಡರ್ ಏಳದಿದ್ದರೆ ಕಂಪ್ರೆಶನ್ ಗೇಜ್ ಬೇಕು. ಒತ್ತಡ ಕಡಿಮೆ ತೋರಿಸಿದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಸಂಶಯ ವಾಲ್ವಿನ ಮೇಲೆ. ಅಕ್ಕಪಕ್ಕದ ಎರಡರಲ್ಲೂ ಒತ್ತಡ ಬಿದ್ದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ವಾಲ್ವ್ ಎಂದು ಗೊತ್ತಾದ ಕೂಡಲೇ ಹೆಡ್ ಇಳಿಸುವುದು ಅವಸರ. ಟ್ಯಾಪೆಟ್ ಗ್ಯಾಪ್ ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಫೀಲರ್ ಗೇಜ್ ತೂರಿಸಿ, ಸ್ಕ್ರೂ ತಿರುಗಿಸಿ, ಲಾಕ್ ನಟ್ ಬಿಗಿದು ಮತ್ತೊಮ್ಮೆ ಕಂಪ್ರೆಶನ್ ನೋಡಿದ ಮೇಲೆಯೇ ಹೆಡ್ಡಿಗೆ ಸ್ಪ್ಯಾನರ್ ಹಾಕಬೇಕು.